ಕರ್ನೆಲ್ಲಿನ ಸಂಯಮ, ನನ್ನ ರಬ್ಬರು

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ರಬ್ಬರು ಇರುತ್ತದೆ. ಬರೆದದ್ದನ್ನು ಅಳಿಸಲಿಕ್ಕಲ್ಲ. ಸಂಡೂರಿನ ಕೆಂಪು ಧೂಳು ಬಟ್ಟೆ, ಬಸ್ಸು, ಬಜ್ಜಿ ಯಾವುದನ್ನೂ ಬಿಟ್ಟಿಲ್ಲ, ಕಂಪ್ಯೂಟರನ್ನು ಬಿಟ್ಟೀತೇ? ಯಂತ್ರ ಮುನಿಸಿಕೊಂಡಾಗ ಆರಿಸಿ, ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರೆ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಈ ಒಂದೇ ವಿದ್ಯೆಯಿಂದ ಊರಿನಲ್ಲಿ ಕಂಪ್ಯೂಟರ್ ಡಾಕ್ಟರ್ ಅನ್ನಿಸಿಕೊಂಡು, ಒಂದು ಟೈಪಿಂಗ್ ಕೇಂದ್ರವನ್ನೂ ನಡೆಸುತ್ತಿದ್ದೇನೆ.

ಪೂರ್ತಿ ಆರಿಸಿಬಿಡುವುದು ನನ್ನ ಸ್ವಭಾವವೂ ಹೌದು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಬಿಟ್ಟೇ ಏಳುವವನು ನಾನು. "ಸಾರು ಕೆಟ್ರ ಅನ್ನ ಏನ್ ಮಾಡೇತ್ರಿ ನಿಮಗ?" ಎಂದು ಹೆಂಡತಿ ಸುಮಿತ್ರಾ ಕೇಳುತ್ತಾಳೆ. ಮದುವೆಯಾದಾಗಿನಿಂದ ಉತ್ತರ ಹುಡುಕುತ್ತಿದ್ದೇನೆ.

ಉತ್ತರ ಕರ್ನೆಲ್ಲಿಗೆ ಗೊತ್ತಿತ್ತು. ಕರ್ನೆಲ್ ಎಂದರೆ ಕಂಪ್ಯೂಟರಿನೊಳಗೆ ಕೂತು ಯಾವ ಕೆಲಸಕ್ಕೆ ಎಷ್ಟು ಜಾಗ ಎಂದು ಹಂಚುವ ಯಜಮಾನ. ಮೆಮೊರಿಯಲ್ಲಿ ಸಣ್ಣ ತಪ್ಪಾದರೆ ಯಂತ್ರವೇ ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ, ಈತ ಬರೆದಿಟ್ಟುಕೊಳ್ಳುತ್ತಾನೆ. ತಿದ್ದಲಾರದಷ್ಟು ಕೆಟ್ಟರೆ ಮೆಮೊರಿಯ ಆ ಒಂದು ತುಣುಕಿಗೆ, ಅವನ ಲೆಕ್ಕದಲ್ಲಿ ಒಂದು ಪುಟಕ್ಕೆ, ಬೇಲಿ ಹಾಕಿ, ಮುಂದೆ ಯಾರಿಗೂ ಕೊಡುವುದಿಲ್ಲ. ಆ ಪುಟವನ್ನು ನಂಬಿದ್ದ ಕೆಲಸವೊಂದನ್ನು ಮಾತ್ರ ಮುಚ್ಚುತ್ತಾನೆ. ತನ್ನ ಸ್ವಂತ ಪುಟವೇ ಕೆಟ್ಟರಷ್ಟೇ ಎಲ್ಲವನ್ನೂ ನಿಲ್ಲಿಸಿ ಕೈಚೆಲ್ಲುವುದು. ಹಂಪಿಯಲ್ಲೂ ಒಂದು ಕಂಬ ಬಿರುಕು ಬಿಟ್ಟರೆ ಅದರ ಸುತ್ತ ಹಗ್ಗ ಕಟ್ಟುತ್ತಾರೆ, ಹಂಪಿಯನ್ನೇ ಮುಚ್ಚುವುದಿಲ್ಲ.

ಇದನ್ನು ಕಣ್ಣಾರೆ ಕಂಡದ್ದು ಹೋದ ವರ್ಷದ ಟೈಪಿಂಗ್ ಪರೀಕ್ಷೆಯ ದಿನ. ನಮ್ಮಲ್ಲಿ ಎಂಟು ಪರದೆಗಳಿಗೂ ಒಂದೇ ಯಂತ್ರ, ಹೊಸಪೇಟೆಯಲ್ಲಿ ಕೊಂಡ ಹಳೆಯ ಸರ್ವರ್. ಬಂಡ್ರಿಯ ರೇಣುಕಾ ಗಣಿ ಕಚೇರಿಯ ಗುಮಾಸ್ತೆ ಕೆಲಸಕ್ಕಾಗಿ ಪರೀಕ್ಷೆಗೆ ಕೂತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತಿದ್ದರಿಂದ ಅವಳಿಗೆ ಅದೇ ಕೊನೆಯ ಅವಕಾಶ. ಇನ್ನು ಹತ್ತು ನಿಮಿಷವಿದೆ ಅನ್ನುವಾಗ ಅವಳು ಟೈಪು ಮಾಡುತ್ತಿದ್ದ ಪತ್ರ ಪರದೆಯಿಂದ ಮಾಯವಾಯಿತು. ನನ್ನ ಎಡಗೈ ರಬ್ಬರಿಗೆ, ಬಲಗೈ ಸ್ವಿಚ್ಚಿಗೆ ಹೋಯಿತು.

"ಬ್ಯಾಡ್ರಿ ಸರ," ಅಂದಳು ರೇಣುಕಾ. "ಉಳಿದೋರು ಟೈಪ್ ಹೊಡಿಯಾಕ ಹತ್ಯಾರ. ನಂದೊಂದ ಹೋಗೇತಿ. ಇನ್ನೊಮ್ಮೆ ತೆಗದು ನೋಡ್ತೀನಿ, ತಡ್ರಿ."

ತೆಗೆದಳು. ಡಿಸ್ಕಿನಲ್ಲಿ ಆಗಾಗ ಉಳಿಸಿದ್ದ ಪ್ರತಿ ಬಂತು. ಕೊನೆಯ ಎರಡು ಸಾಲು ಮಾತ್ರ ಇರಲಿಲ್ಲ. ಅವನ್ನು ಮತ್ತೆ ಹೊಡೆದು, ಗಂಟೆ ಬಾರಿಸುವ ಮುಂಚೆ ಪತ್ರ ಮುಗಿಸಿದಳು. ಉಳಿದ ಏಳು ಜನ ತಲೆಯೆತ್ತಿಯೂ ನೋಡಲಿಲ್ಲ. ಆ ಮುದಿ ಯಂತ್ರವನ್ನು ಆರಿಸಿದ್ದರೆ ಮತ್ತೆ ಏಳಲು ಕಾಲು ಗಂಟೆ ಬೇಕಿತ್ತು. ಆಮೇಲೆ ಕರ್ನೆಲ್ ಬರೆದಿಟ್ಟಿದ್ದ ದಾಖಲೆ ತೆಗೆದು ನೋಡಿದೆ: ಒಂದು ಪುಟ ಕೆಟ್ಟಿದೆ, ಬದಿಗಿಟ್ಟಾಯಿತು, ಅಷ್ಟೇ. ದೂರಿಲ್ಲ, ಜಂಬವಿಲ್ಲ. ನನಗೆ ಕೈಮುಗಿಯಬೇಕೆನ್ನಿಸಿತು.

ರೇಣುಕಾ ಈಗ ಕೆಲಸದಲ್ಲಿದ್ದಾಳೆ. ಬಸ್ಸಿನಲ್ಲಿ ಸಿಕ್ಕಾಗೆಲ್ಲ, "ಸರ, ರಬ್ಬರ್ ಐತಿಲ್ರಿ ಜೇಬಿನ್ಯಾಗ?" ಎಂದು ಕೇಳಿ ನಗುತ್ತಾಳೆ.

ರಬ್ಬರೇನೋ ಇದೆ. ಆದರೆ ನಿನ್ನೆ ಸಾರಿಗೆ ಉಪ್ಪು ಹೆಚ್ಚಾಗಿತ್ತು, ನಾನು ಏಳಲಿಲ್ಲ. ಬಟ್ಟಲನ್ನು ಬದಿಗೆ ಸರಿಸಿ, "ಅನ್ನಕ್ಕ ಮಜ್ಜಿಗಿ ಹಾಕು" ಅಂದೆ. ಸುಮಿತ್ರಾ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು, ಮೊದಲು ನನ್ನ ಹಣೆ ಮುಟ್ಟಿ ನೋಡಿದಳು.