ನಾಲ್ಕು ಅಂಕ ಮುಂದಿದ್ದ ಆಟ

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ವಿಜಯವಾಡದಲ್ಲಿ ಬೀಗರ ಮನೆ. ಹಾಜರಿದ್ದವರು ನಾನು, ಬೀಗರು ಮತ್ತು ಅವರ ಮಗಳು, ಅಂದರೆ ನನ್ನ ಸೊಸೆ.

ನೌಕಾಪಡೆಯಿಂದ ನಿವೃತ್ತನಾಗಿ ವಿಶಾಖಪಟ್ಟಣದ ಗಾಜುವಾಕದಲ್ಲಿ ಮನೆ ಮಾಡಿದ ಮೇಲೆ ನನ್ನ ಭಾನುವಾರಗಳಿಗೆ ಒಂದು ಆಕಾರ ಕೊಟ್ಟವರು ಬೀಗರು. ಫೋನಿನಲ್ಲೇ ನಡೆ ಹೇಳಿಕೊಂಡು ಚದುರಂಗ ಆಡುತ್ತಿದ್ದೆವು. ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಚೇತರಿಸಿಕೊಂಡವು, ಧೈರ್ಯ ಚೇತರಿಸಿಕೊಳ್ಳಲಿಲ್ಲ. “ಇದೊಂದು ಆಟ ನೋಡೋಣ. ಸೋತರೆ ತಲೆ ಹೋಯಿತು ಅಂತಲೇ ಲೆಕ್ಕ, ಇನ್ನು ಆಡೋದಿಲ್ಲ” ಎಂದಿದ್ದರು. ಫೋನಿನಲ್ಲಿ ಶುರುವಾದ ಆ ಆಟವನ್ನು ಎದುರುಬದುರು ಕೂತು ಮುಗಿಸಲೆಂದೇ ನಾನು ಹಿಂದಿನ ದಿನ ರೈಲು ಹತ್ತಿದ್ದೆ.

ಹಲಗೆಯ ಮೇಲೆ ನನಗೆ ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು ಉಳಿದಿದ್ದವು. ಅವರಿಗೆ ರಾಜನೊಬ್ಬನೇ. ಯಾರು ಮುಂದಿದ್ದಾರೆಂದು ಬೀಗರು ತಮ್ಮ ಹಳೇ ಫೋನಿನ ಚದುರಂಗದ ಪ್ರೋಗ್ರಾಮನ್ನು ಕೇಳಿದ್ದರು.

“ಮುಗೀತು ಬಾವಗಾರು. ನೀವು ನಾಲ್ಕು ಅಂಕ ಮುಂದೆ ಅಂತಿದೆ” ಎಂದು ಸೋಲೊಪ್ಪಿ ತಮ್ಮ ರಾಜನನ್ನು ಮಲಗಿಸಲು ಕೈ ಚಾಚಿದರು.

“ನಾನ್ನ, ಗಂಡಿನ ಕಡೆಯವರಿಗೆ ತಗ್ಗಿ ತಗ್ಗಿ ನಿಮ್ಮ ಬೆನ್ನೇ ಬಾಗಿಹೋಗಿದೆ” ಎಂದಳು ಸೊಸೆ ತನ್ನ ಅಪ್ಪನಿಗೆ.

ಅವಳು ಹೇಳಿದ್ದು ನಿಜ. ಆ ಮನೆಯಲ್ಲಿ ವರನ ಕಡೆಯವರಿಗೆ ಮೊದಲ ಬಡಿಸುವಿಕೆ, ದೊಡ್ಡ ಕುರ್ಚಿ, ಸಾಧ್ಯವಾದರೆ ಗೆಲುವು ಕೂಡ.

“ಬೀಗರೇ, ಮರ್ಯಾದೆಯೆಲ್ಲ ಊಟಕ್ಕಿರಲಿ. ನಿಮ್ಮ ಈ ಸೋಲು ನನಗೆ ಬೇಡ. ಕೂತು ಆಡಿ.”

ಗೊಣಗುತ್ತಲೇ ಕೂತರು. ನಾನು ಕಾಲಾಳನ್ನು ತಳ್ಳಿದೆ. ಅವರು ಬಹಳ ಹೊತ್ತು ನೋಡಿ, ರಾಜನನ್ನು ಮೂಲೆಯತ್ತ ನಡೆಸಿದರು. ನನ್ನ ಕಾಲಾಳು ಮಂತ್ರಿಯಾಗಬೇಕಾದದ್ದು ಅದೇ ಮೂಲೆಯಲ್ಲಿ. ಅದು ಕಪ್ಪು ಮನೆ. ನನ್ನ ಒಂಟೆ ಅದನ್ನು ಎಂದೂ ಮುಟ್ಟದು, ಹಾಗಾಗಿ ರಾಜನನ್ನು ಎಬ್ಬಿಸಲಾಗದು. ಹೆಚ್ಚು ಒತ್ತಿದರೆ ಅವರಿಗೆ ಇಡಲು ನಡೆಯೇ ಇಲ್ಲದೆ ಆಟ ಸಮವಾಗುತ್ತದೆ. ಯಾರೂ ಹೇಳಿಕೊಡದೆ ಇದನ್ನು ಅವರೇ ಕಾಣಲೆಂದು ನಾನು ಕಾದಿದ್ದೆ.

“ಅರೆ, ಇವನನ್ನು ಇಲ್ಲಿಂದ ಹೇಗೆ ಎಬ್ಬಿಸ್ತೀರಿ?” ಎಂದರು ಬೀಗರು. ಎಷ್ಟೋ ತಿಂಗಳ ಮೇಲೆ ಕೇಳಿದ ಚೇಷ್ಟೆಯ ದನಿ.

“ನಿಮ್ಮ ಫೋನನ್ನೇ ಕೇಳಿ.”

ಫೋನು ಇನ್ನೂ ನಾಲ್ಕು ಅಂಕವೆಂದೇ ಹೇಳುತ್ತಿತ್ತು. ಅದು ಕಾಯಿಗಳ ಬೆಲೆ ಕೂಡಿಸಿತ್ತು, ಮೂಲೆಯ ಬಣ್ಣ ನೋಡಿರಲಿಲ್ಲ. ಸೊಸೆ ತನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಪ್ರೋಗ್ರಾಮ್ ತೆರೆದಳು. ಕೆಲವೇ ಕಾಯಿಗಳು ಉಳಿದ ಸ್ಥಿತಿಗಳನ್ನೆಲ್ಲ ಮೊದಲೇ ಬಿಡಿಸಿಟ್ಟ ಕೋಷ್ಟಕಗಳು ಅದಕ್ಕಿವೆಯಂತೆ. ಉತ್ತರ ತಕ್ಷಣ ಬಂತು: ಸೊನ್ನೆ, ಅಂದರೆ ಆಟ ಸಮ. ಅಷ್ಟು ಚೆಂದದ ಸೊನ್ನೆಯನ್ನು ನಾನು ಕಂಡಿಲ್ಲ. ಅದನ್ನು ಲೆಕ್ಕ ಹಾಕಿಟ್ಟ ಅಪರಿಚಿತರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ತಪ್ಪು ಹೇಳಿದ ಫೋನಿಗೂ ಋಣಿ. ಅದು ಸರಿ ಹೇಳಿದ್ದರೆ ಬೀಗರು ತಮ್ಮ ತಲೆಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಹೊರಟು ಸಂಜೆ ಗಾಜುವಾಕಕ್ಕೆ ಹತ್ತಿರದ ದುವ್ವಾಡ ನಿಲ್ದಾಣದಲ್ಲಿ ಇಳಿದೆ. ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಬೀಗರ ಫೋನ್. ಕುಶಲ ಕೇಳಲಿಲ್ಲ, ನೇರವಾಗಿ ಹೊಸ ಆಟದ ಮೊದಲ ನಡೆ ಹೇಳಿದರು. ಕಾಯಿಗಳನ್ನು ಜೋಡಿಸಿ, ಅವರ ನಡೆ ಇಟ್ಟು, ನನ್ನ ಉತ್ತರ ಹೇಳಿದೆ.