ಗಾಜಿನ ತಟ್ಟೆಯಲ್ಲಿ ಈರಮ್ಮ

ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರಕ್ಕೆ ಈರಮ್ಮ ಕಾಣಿಸುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ, ತೋರುಬೆರಳು ಒತ್ತಿದರೂ ಕೆಂಪು ದೀಪ. ಐವತ್ತು ವರ್ಷ ಮಗ್ಗದಲ್ಲಿ ನೂಲು ಸವರಿ ಸವರಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹಿಂದೆ ನಿಂತವರು ಗೊಣಗಿದರೆ ಸೆರಗಿಗೆ ಕೈ ಒರೆಸಿಕೊಂಡು, "ಮಿಷನ್ನಿಗೆ ನಾ ಸತ್ತಂಗ ನೋಡ್ರಿ. ಓಣಿ ಮಂದೀನ ಕೇಳ್ರಿ, ಇನ್ನಾ ಅದೀನಿ," ಎನ್ನುತ್ತಿದ್ದಳು.

ನಾರಾಯಣಪೇಟೆಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆ. ಗಂಡ ಬಹಳ ಹಿಂದೆಯೇ ತೀರಿಹೋಗಿದ್ದ. ಒಬ್ಬನೇ ಮಗ ಮಲ್ಲಣ್ಣ ಗದ್ವಾಲದಲ್ಲಿ ರೇಷ್ಮೆ ಅಂಚಿನ ಸೀರೆ ನೇಯುತ್ತಿದ್ದ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಈರಮ್ಮ ಬಹಳ ಗಿಡ್ಡ ಹೆಂಗಸು. ನೆಲದ ಗುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಗುಣಿಮಗ್ಗದಲ್ಲಿ ಕುಳಿತರೆ ಬಾಗಿಲಲ್ಲಿ ನಿಂತವರಿಗೆ ನೆಲದಿಂದ ಒಂದು ತಲೆ ಮಾತ್ರ ಎದ್ದಂತೆ ಕಾಣುತ್ತಿತ್ತು. ಯಾವುದನ್ನೇ ಆಗಲಿ, ಅವಳು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಮಧ್ಯದ ಬೆರಳನ್ನು ಅದರ ಮೇಲೆ ಒಮ್ಮೆ ಜಾರಿಸುತ್ತಿದ್ದಳು. ನಾನು ಏಳನೆಯ ತರಗತಿಯ ಹುಡುಗಿಯಾಗಿದ್ದಾಗ ಒಂದು ಸಂಜೆ ಆಡುತ್ತಾ ಅವಳ ಪಕ್ಕದಿಂದ ಓಡಿದೆ. ತಡೆದು ನಿಲ್ಲಿಸಿ, ನನ್ನ ಮೊಣಕೈ ಸವರಿ, ಒಳಗೆ ಜ್ವರವಿದೆ, ನಾಳೆ ಹೊರಗೆ ಬರುತ್ತದೆ ಎಂದಳು. ಮರುದಿನ ಬೆಳಿಗ್ಗೆ ನನಗೆ ಏಳಲಾಗಲಿಲ್ಲ. ಅಂದಿನಿಂದ ಅವಳ ಕೈಗೆ ಸಿಗುವುದೆಂದರೆ ನನಗೆ ಒಂದು ಬಗೆಯ ಹೆದರಿಕೆ.

ಮುಂದೆ ನಾನು ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಸೇರಿದೆ. ಮುರಿದ ಮೂಳೆಯ ಜಾಗದಲ್ಲಿ ಕೂರಿಸುವ ಲೋಹವನ್ನು ನಮ್ಮ ಮೈಯ ಜೀವಕೋಶಗಳು ಯಾಕೆ ಒಮ್ಮೆ ಒಪ್ಪುತ್ತವೆ, ಒಮ್ಮೆ ದೂರ ಇಡುತ್ತವೆ ಎಂದು ತಿಳಿಯುವುದು ಅಲ್ಲಿಯ ಕೆಲಸ. ಲೋಹ ಒಂದೇ ಆದರೂ ಅದರ ಮೈ ಹೇಗಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕನ್ನಡಿಯಂತೆ ನುಣುಪಾಗಿದ್ದರೆ ಮೂಳೆಯ ಕೋಶಗಳಿಗೆ ಹಿಡಿತ ಸಾಲದು. ಹದವಾಗಿ ಒರಟು ಮಾಡಿದರೆ ಅವು ಕಾಲು ಚಾಚುತ್ತವೆ, ಹಿಡಿದು ಎಳೆದು ನೋಡುತ್ತವೆ, ಆಮೇಲೆ ಅಲ್ಲೇ ಮೂಳೆ ಕಟ್ಟುತ್ತವೆ. ಅವಕ್ಕೆ ಕಣ್ಣಿಲ್ಲ, ಎಲ್ಲವನ್ನೂ ಸವರಿಯೇ ತಿಳಿಯುತ್ತವೆ.

ಒಂದು ರಜೆಯಲ್ಲಿ ಊರಿಗೆ ಬಂದಾಗ ಚೀಲದಲ್ಲಿ ಆರು ಟೈಟಾನಿಯಂ ಬಿಲ್ಲೆಗಳಿದ್ದವು. ಪ್ರಯೋಗ ಮುಗಿದು ಎಸೆಯಬೇಕಾಗಿದ್ದವು. ನೋಡಲು ಎಲ್ಲವೂ ಒಂದೇ ಬೂದು ಬಣ್ಣ. ಹಿಂಬದಿಯ ಗುರುತು ನೋಡದೆ ನನಗೇ ತಿಳಿಯುತ್ತಿರಲಿಲ್ಲ. ತಮಾಷೆಗೆಂದು ಈರಮ್ಮನ ಮುಂದೆ ಹರಡಿದೆ. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಸವರಿ ನುಣುಪಿನಿಂದ ಒರಟಿಗೆ ಸಾಲಾಗಿ ಜೋಡಿಸಿದಳು. ಮೊದಲನೆಯದನ್ನು ಮುಟ್ಟಿ, "ಇದರ ಮ್ಯಾಲ ಏನೂ ನಿಲ್ಲಂಗಿಲ್ಲ," ಎಂದಳು. ಐದನೆಯದನ್ನು ಬಹಳ ಹೊತ್ತು ಬಿಡಲಿಲ್ಲ. "ಇದು ನರಂ ಅಲ್ಲ, ಬಿರುಸೂ ಅಲ್ಲ. ಇಲ್ಲಿ ಕುಂತ್ರ ಏಳಾಕ ಮನಸಾಗಂಗಿಲ್ಲ."

ಬಿಲ್ಲೆಗಳನ್ನು ತಿರುಗಿಸಿ ಗುರುತು ನೋಡಿದೆ. ಸಾಲು ತಪ್ಪಿರಲಿಲ್ಲ; ಎಂಟು ತಿಂಗಳ ಪ್ರಯೋಗದಲ್ಲಿ ಕೋಶಗಳು ಆರಿಸಿದ್ದೂ ಅವಳು ಆರಿಸಿದ್ದನ್ನೇ. ಐದನೆಯದರ ಮೇಲೆಯೇ ಅವು ಹೆಚ್ಚು ನಿಂತಿದ್ದವು. ನನ್ನ ತೋಳಿನ ಕೂದಲು ಎದ್ದವು. ಬಿಲ್ಲೆಗಳನ್ನು ಬಳಿದು ಚೀಲಕ್ಕೆ ಹಾಕಿಕೊಂಡೆ.

ಮರುವರ್ಷ ಮಗ್ಗದ ಗುಣಿಯಿಂದ ಮೇಲೇಳುವಾಗ ಜಾರಿ ಬಿದ್ದು ಅವಳ ತೊಡೆಯ ಮೂಳೆಯ ಮೇಲ್ತುದಿ ಮುರಿಯಿತು. ಮಲ್ಲಣ್ಣ ರಾಯಚೂರಿನ ಆಸ್ಪತ್ರೆಗೆ ಸೇರಿಸಿದ. ಮುರಿದ ತುದಿಯನ್ನು ತೆಗೆದು ಲೋಹದ ಕೀಲು ಕೂರಿಸುವುದೆಂದಾಯಿತು. ತೆಗೆದ ಮೂಳೆಯನ್ನು ಹೇಗೂ ಸುಡುತ್ತಾರೆ, ಅದರಿಂದ ಕೋಶಗಳನ್ನು ಬೆಳೆಸಿ ನೋಡಲೇ ಎಂದು ನಾನು ಅವಳನ್ನು ಕೇಳಿದೆ. ಆಗಲೆಂದಳು; ಒಪ್ಪಿಗೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅಲ್ಲಿ ಮೂಡಿದ್ದು ಗೆರೆಯಿಲ್ಲದ ಒಂದು ನೀಲಿ ಮಚ್ಚೆ.

ಮೂಳೆಯ ಚೂರುಗಳನ್ನು ತಣ್ಣನೆಯ ಡಬ್ಬಿಯಲ್ಲಿಟ್ಟು ಹೈದರಾಬಾದಿನ ಬಸ್ಸು ಹತ್ತಿದೆ. ಮಕ್ತಲದಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸು, ತೊಡೆಯ ಮೇಲಿದ್ದ ಡಬ್ಬಿ ನೋಡಿ ಊಟವೇನು ಎಂದು ಕೇಳಿದಳು. ಹೌದೆಂದೆ. ಹೈದರಾಬಾದು ಬರುವವರೆಗೂ ಆ ಸುಳ್ಳು ಕೈಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಎರಡು ವಾರದಲ್ಲಿ ಚೂರುಗಳ ಅಂಚಿನಿಂದ ಕೋಶಗಳು ತೆವಳುತ್ತಾ ಹೊರಬಂದವು. ಬೆಳಕು ಹಾಯುವಷ್ಟು ತೆಳುವಾಗಿ ಟೈಟಾನಿಯಂ ಲೇಪಿಸಿದ ಗಾಜಿನ ತಟ್ಟೆಗಳಿಗೆ ಅವನ್ನು ಬಿಟ್ಟೆ. ಕೆಲವು ತಟ್ಟೆ ನುಣುಪು, ಒಂದರಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು. ಗೀರಿದ್ದ ಕಡೆ ಮೂರೇ ದಿನಕ್ಕೆ ಎಲ್ಲವೂ ಉದ್ದುದ್ದ ಚಾಚಿ, ಒಂದೇ ದಿಕ್ಕಿಗೆ, ಮಗ್ಗಕ್ಕೆ ಹೂಡಿದ ನೂಲಿನಂತೆ ಸಾಲಾಗಿ ಮಲಗಿದವು. ಎಲ್ಲರ ಕೋಶಗಳೂ ಹಾಗೆಯೇ ಮಾಡುತ್ತವೆ, ಅದರಲ್ಲಿ ವಿಶೇಷವಿಲ್ಲ. ಆದರೂ ನಾನು ಎದ್ದುಹೋಗಿ ಕೈ ತೊಳೆದುಕೊಂಡು ಬಂದೆ.

ಈರಮ್ಮ ಕೋಲೂರಿ ನಡೆಯತೊಡಗಿದ್ದಳು. ಪ್ರತಿ ಭಾನುವಾರ ಅವಳ ಫೋನು. ನನ್ನ ಕ್ಷೇಮ ಕೇಳುವ ಮೊದಲೇ ತಟ್ಟೆಯೊಳಗಿನವುಗಳ ವಿಚಾರ ಬರುತ್ತಿತ್ತು: ಹೊಟ್ಟೆಗೆ ಹಾಕಿದೆಯಾ, ಜಾಗ ಸಾಲುತ್ತದಾ, ತಂಪಾಗಿ ಬಿಟ್ಟಿಲ್ಲವಷ್ಟೆ. ನಾನೂ ನೆಂಟರ ಸುದ್ದಿ ಹೇಳುವಂತೆ ಹೇಳುತ್ತಿದ್ದೆ. ಒಂದು ಭಾನುವಾರ ಕೇಳಿದಳು, "ನುಣ್ಣಗಿನ ತಟ್ಟ್ಯಾಗಿನವು ನಿಂತಾವೇನ?" ಆ ಬೆಳಿಗ್ಗೆಯಷ್ಟೇ ಅವು ಹಾಳೆಯಂತೆ ಕಿತ್ತುಬಂದು ತೇಲುತ್ತಿದ್ದುದನ್ನು ನಾನು ಕಂಡಿದ್ದೆ. ಯಾಕೆ ಕೇಳಿದಳೆಂದು ವಿಚಾರಿಸಿದೆ. ಎರಡು ದಿನದಿಂದ ಹಾಸಿಗೆಯಲ್ಲಿ ಮಲಗಿದರೂ ಜಾರಿಬೀಳುವ ಹಾಗೆ ಅನಿಸುತ್ತಿದೆ ಎಂದಳು, ಅಷ್ಟೆ.

ಕೀಲು ಕೂರಿಸಿದ ನಾಲ್ಕನೆಯ ತಿಂಗಳು ನಾನು ಊರಿಗೆ ಹೋದೆ. ಅದೇ ಕೊನೆಯ ಭೇಟಿ. ಕಟ್ಟೆಯ ಮೇಲೆ ಕುಳಿತು ಆಪರೇಷನ್ ಆದ ತೊಡೆಯನ್ನು ಸವರಿಕೊಳ್ಳುತ್ತಿದ್ದಳು. ಒಳಗಿನ ಮೂಳೆ ಕಬ್ಬಿಣವನ್ನು ಹಿಡಿದುಕೊಂಡಿದೆ, ತನಗೆ ತಿಳಿಯುತ್ತದೆ ಎಂದಳು. ಆಮೇಲೆ ನನ್ನ ಕಡೆ ನೋಡದೆ, "ಅವ್ವಿ, ನಾ ಹೋದ ಮ್ಯಾಲ ತಟ್ಟ್ಯಾಗಿನವಕ್ಕ ಹೇಳಬ್ಯಾಡ," ಎಂದಳು.

ಹದಿನೈದು ದಿನಕ್ಕೆ, ಮಧ್ಯಾಹ್ನ ಊಟ ಮಾಡಿ ಒರಗಿದವಳು ಏಳಲಿಲ್ಲ. ಫೋನು ಬಂದಾಗ ನಾನು ಗೀರಿನ ತಟ್ಟೆಗೆ ಹೊಸ ಆಹಾರದ್ರವ ಹಾಕುತ್ತಿದ್ದೆ. ಪೂರ್ತಿ ಹಾಕಿ, ಮುಚ್ಚಳ ಮುಚ್ಚಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಹೊರಟೆ. ಅವರಲ್ಲಿ ಹೂಳುವ ಪದ್ಧತಿ. ಲೋಹದ ಕೀಲಿನೊಂದಿಗೇ ಅವಳನ್ನು ಮಣ್ಣಿಗಿಟ್ಟರು. ಮೂರನೆಯ ದಿನ ಹಿಂದಿರುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ನನ್ನೆದುರಿಗೇ ಒಂದು ಕೋಶ ಗುಂಡಗಾಯಿತು, ನಡುವಿನಲ್ಲಿ ಸಣ್ಣದಾಯಿತು, ನಿಧಾನವಾಗಿ ಎರಡಾಯಿತು. ಎರಡೂ ಕಾಲು ಚಾಚಿ ಜಾಗ ತಡಕಾಡಿದವು. ಜೋರಾಗಿ ಉಸಿರು ಬಿಡಲೂ ನನಗೆ ಭಯವಾಯಿತು.

ತಿಂಗಳಾದ ಮೇಲೆ ಮಲ್ಲಣ್ಣ ಗದ್ವಾಲದಿಂದ ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದ. ಸರಿಯಾಗಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ. "ಅವ್ವಗ ಮಣ್ಣು ಕೊಟ್ಟೇವಿ, ಆದ್ರ ಪೂರಾ ಕೊಟ್ಟಿಲ್ಲ ಅನಸ್ತದ್ರಿ. ನಿಮ್ಮ ಹತ್ರ ಉಳದಿದ್ದು ತೋರಸ್ರಿ," ಎಂದ. ಮೇಲಿನವರ ಒಪ್ಪಿಗೆ ಪಡೆದು, ಬಿಳಿ ಅಂಗಿ ತೊಡಿಸಿ ಕೂರಿಸಿದೆ. ಅವನು ನೋಡುತ್ತಲೇ ಇದ್ದ. ಸಾಲುಗಳನ್ನು ಎಣಿಸುತ್ತಿದ್ದಾನೋ ಎಂಬಂತೆ ತುಟಿ ಅಲುಗುತ್ತಿದ್ದವು. ಕಣ್ಣು ತೆಗೆಯದೆಯೇ ಹೇಳಿದ:

"ಅಷ್ಟು ಸಣ್ಣಾಕಿ. ಎಷ್ಟು ಮಂದಿ ಆಗ್ಯಾಳ್ರಿ."

ಇನ್ನು ಹೊಟ್ಟೆಗೆ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಂಡ. ಮುಗಿಯದ ಪ್ರಯೋಗ ನನ್ನದು, ಎರಡು ವರ್ಷದ ಕೆಲಸ ಅದರ ಮೇಲಿತ್ತು. ತಾಯಿ ಅವನದು. ನಾನು ಆಗಲೆಂದೆ. ತಟ್ಟೆಗೆ ಮದ್ದು ಸುರಿದರೆ ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ ಎಂದೂ ಹೇಳಿದೆ. ಅದು ಬೇಡ, ತಾವಾಗಿ ಹೋಗಲಿ ಎಂದ.

ಅಂದಿನಿಂದ ಆಹಾರದ್ರವ ಬದಲಿಸಲಿಲ್ಲ. ಉಳಿದಿದ್ದ ಒಂದು ನುಣುಪು ತಟ್ಟೆ ವಾರದೊಳಗೆ ಖಾಲಿಯಾಯಿತು. ಗೀರಿನದರಲ್ಲಿ ಒಂದೊಂದಾಗಿ ಸಾಲು ಕಳಚಿತು. ಹದಿನಾರನೆಯ ದಿನವೂ ಒಂದು ಉಳಿದಿತ್ತು. ಉದ್ದಕ್ಕೆ ಚಾಚಿಕೊಂಡು, ಗೀರಿನ ಎರಡೂ ಅಂಚು ಹಿಡಿದು, ಆ ದೊಡ್ಡ ಬಯಲಿನಲ್ಲಿ ಒಂದೇ ಒಂದು. ನಾನು ಅದಕ್ಕೆ ಏನೂ ಹೇಳಲಿಲ್ಲ. ಹದಿನೇಳನೆಯ ದಿನ ಸೂಕ್ಷ್ಮದರ್ಶಕದ ದೀಪವನ್ನೇ ಹಚ್ಚಲಿಲ್ಲ.