ಒರಾಲಿಯಾ ಹೆಸರು ಬದಲಿಸಿದ್ದು

ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಪಕ್ಕದ ಮನೆಯ ಒರಾಲಿಯಾ ಶಾಲೆಯ ಬಸ್ಸು ಓಡಿಸುವವಳು. ಹುಟ್ಟಿದ್ದು ಮೆಕ್ಸಿಕೊದಲ್ಲಿ. ವೇಡ್ ಬೆನ್ಸನ್‌ನನ್ನು ಮದುವೆಯಾಗಿ ಅಮೆರಿಕದ ಪೌರತ್ವವನ್ನೂ ಪಡೆದಿದ್ದಳು. ಮೆಕ್ಸಿಕೊದ ಪಾಸ್‌ಪೋರ್ಟಿನಲ್ಲಿ ಅವಳು ತವರಿನ ಹೆಸರಿನ ಒರಾಲಿಯಾ ತ್ರೆವಿನ್ಯೊ ಗಾರ್ಸಾ, ಅಮೆರಿಕದ್ದರಲ್ಲಿ ಒರಾಲಿಯಾ ಬೆನ್ಸನ್. ವಿಮಾನ ನಿಲ್ದಾಣದಲ್ಲಿ ಬೇಗ ತಪಾಸಣೆ ಮುಗಿಸುವ ಸಾಲಿಗೆಂದು ಬೆರಳಚ್ಚು ಕೊಟ್ಟು ಒಂದು ನಂಬರು ಪಡೆದಿದ್ದಳು. ಅದಿದ್ದದ್ದು ಬೆನ್ಸನ್ ಹೆಸರಿಗೆ.

ಅವಳ ಅಕ್ಕ ಚೇಲಾ ಮೆಕ್ಸಿಕೊ ಸಿಟಿಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಳು. ಮಾರನೆಯ ದಿನವೇ ಮಣ್ಣು. ಅಕ್ಕನ ಮಗ ಫಿದೆಲ್ ಅಳುತ್ತಲೇ ಚಿಕ್ಕಮ್ಮನಿಗೆ ಟಿಕೆಟ್ ತೆಗೆದ, ತನಗೆ ಗೊತ್ತಿದ್ದ ತ್ರೆವಿನ್ಯೊ ಹೆಸರಿನಲ್ಲಿ.

ಬೇಗದ ಸಾಲಿನ ಬಾಯಲ್ಲೇ ಅಧಿಕಾರಿ ತಡೆದ. "ಟಿಕೆಟ್ಟಲ್ಲಿ ಈ ಸಾಲಿನ ಗುರುತು ಬಂದಿಲ್ಲ, ಹೆಸರೂ ನಂಬರೂ ಹೊಂದಿಲ್ಲ. ಆ ಕಡೆ ದೊಡ್ಡ ಸಾಲಿಗೆ ಹೋಗಿ."

ಒರಾಲಿಯಾ ಎರಡೂ ಪಾಸ್‌ಪೋರ್ಟ್ ತೆಗೆದಿಟ್ಟಳು. ಅವನು ತಿರುವಿ ಹಾಕಿ ನಕ್ಕ. "ಇವರಿಬ್ಬರಲ್ಲಿ ನೀವು ನಿಜವಾಗಿ ಯಾರು ಮೇಡಂ?"

"ಎರಡು ಫೋಟೋನೂ ನಂದೇ ಕಣಪ್ಪಾ. ಬೆರಳಚ್ಚು ನಿಮ್ಮ ಹತ್ರಾನೇ ಇದೆ. ಒತ್ತಿಸ್ಕೊಂಡು ನೋಡು!"

"ರೂಲ್ಸ್ ಮೇಡಂ. ನಾನೇನೂ ಮಾಡಕ್ಕಾಗಲ್ಲ."

ಹಿಂದೆ ನಿಂತವನೊಬ್ಬ ಗೊಣಗಿದ: "ಎರಡೆರಡು ದೇಶ ಬೇಕು, ಒಂದು ಸಾಲಲ್ಲಿ ನಿಲ್ಲೋಕೆ ಆಗಲ್ಲ."

ಅವಳು ಗರ್ರನೆ ತಿರುಗಿದಳು. "ನಿಮ್ಮಕ್ಕ ಸತ್ತ ದಿನ ನೀನು ನಿಂತ್ಕೊಳಯ್ಯಾ!"

ಅವನು ತಲೆ ತಗ್ಗಿಸಿದ. ಅದರಿಂದ ಸಾಲೇನೂ ಕರಗಲಿಲ್ಲ. ಅವಳು ದೊಡ್ಡ ಸಾಲು ದಾಟಿ ಓಡುವಷ್ಟರಲ್ಲಿ ವಿಮಾನದ ಬಾಗಿಲು ಹಾಕಿತ್ತು. ಮುಂದಿನ ವಿಮಾನ ಹಿಡಿದು ಸ್ಮಶಾನ ಮುಟ್ಟಿದಾಗ ಗುಂಡಿ ಮುಚ್ಚಿ, ಮೇಲೆ ಹೂವೂ ಹಾಕಿಯಾಗಿತ್ತು.

"ನಂದೇ ತಪ್ಪು ಚಿಕ್ಕಮ್ಮಾ," ಎಂದು ಫಿದೆಲ್ ಬಿಕ್ಕಿದ.

"ನನ್ನ ಹೆಸರಿಗೆ ಟಿಕೆಟ್ ತೆಗ್ದಿದ್ದು ತಪ್ಪೇನೋ? ಬಾಯ್ಮುಚ್ಚು," ಎಂದು ಗದರಿ ಅವನನ್ನು ತಬ್ಬಿಕೊಂಡಳು.

ವಾಪಸು ಬಂದ ಮೇಲೆ ವೇಡ್ ಮೆತ್ತಗೆ ಹೇಳಿದ: "ಅಲ್ಲಿನ ಪಾಸ್‌ಪೋರ್ಟಲ್ಲೂ ಬೆನ್ಸನ್ ಅಂತ ಮಾಡಿಸ್ಬಿಡು. ತಾಪತ್ರಯಾನೇ ಇರಲ್ಲ."

ಕೈಲಿದ್ದ ತಟ್ಟೆಯನ್ನು ಅವಳು ಸಿಂಕಿಗೆ ಎಸೆದ ಸದ್ದು ನಮ್ಮ ಮನೆಗೂ ಕೇಳಿಸಿತು. ಆಮೇಲೆ ಅವಳು ಕೋರ್ಟಿಗೆ ಹೋಗಿ ಅಮೆರಿಕದ ಹೆಸರಿನಿಂದ ಬೆನ್ಸನ್ ಅನ್ನೇ ತೆಗೆಸಿದಳು.

"ನಾನೇನು ಮಾಡ್ದೆ ಮಾರಾಯ್ತಿ?" ವೇಡ್ ಮುಖ ಊದಿಸಿಕೊಂಡ.

"ನೀನೇನೂ ಮಾಡಿಲ್ಲ. ನಿನ್ನ ಜೊತೇಲೇ ಇರ್ತೀನಿ. ಹೆಸರು ಮಾತ್ರ ನಂದು."

ಈಗ ಅವಳ ಕಾಗದಪತ್ರಗಳಲ್ಲೆಲ್ಲ ತ್ರೆವಿನ್ಯೊ ಗಾರ್ಸಾ. ಬೇಗದ ಸಾಲಿನಲ್ಲಿ ಯಾರೂ ತಡೆಯುವುದಿಲ್ಲ. ಒಳ್ಳೆಯದಾಯಿತಲ್ಲ ಎಂದೆ ಒಂದು ದಿನ.

"ಏನು ಒಳ್ಳೇದು?" ಎಂದು ರೇಗಿದಳು. "ಈಗ ಬೇಗ ಹೋಗಿ ಯಾರನ್ನು ನೋಡ್ಲಿ?"